ಅವಧಿಪೂರ್ವ ರಾಜೀನಾಮೆ ಮತ್ತು ಕಾನೂನಿನ ಹೊಣೆ

ಅವಧಿಪೂರ್ವ ರಾಜೀನಾಮೆ ಎಂದರೆ ಉದ್ಯೋಗದ ಕರಾರಿನಲ್ಲಿ ಗೊತ್ತುಮಾಡಿದ ಸೇವಾವಧಿ, ಬಾಂಡ್ ಅವಧಿ ಅಥವಾ ನೋಟಿಸ್ ಅವಧಿ ಮುಗಿಯುವ ಮುನ್ನವೇ ನೌಕರನು ಸ್ವಇಚ್ಛೆಯಿಂದ ಕೆಲಸ ಬಿಡುವುದು. ಭಾರತದಲ್ಲಿ ಇದು ಸಾಮಾನ್ಯವಾಗಿ ಅಪರಾಧವಲ್ಲ, ಕರಾರಿನ ಉಲ್ಲಂಘನೆ. ಇದರಿಂದ ಬರುವ ಹೊಣೆ ಬಹುಮಟ್ಟಿಗೆ ಹಣದ್ದು. ಕೆಲಸ ಬಿಟ್ಟವನನ್ನು ಮರಳಿ ಕರೆತಂದು ದುಡಿಸುವಂತೆ ಯಾವ ನ್ಯಾಯಾಲಯವೂ ಆದೇಶಿಸುವುದಿಲ್ಲ.

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಹೋಬಳಿಯಂಥ ಮಳೆಯಾಶ್ರಿತ ಸೀಮೆಯಲ್ಲಿ ರಾಗಿ, ತೆಂಗಿನ ಬೇಸಾಯದ ಆದಾಯದ ಜೊತೆಗೆ ಹೊರಗಿನ ಸಂಬಳವೂ ಮನೆಯನ್ನು ನಡೆಸುತ್ತದೆ. ಬೆಂಗಳೂರಿನ ಐಟಿ ಕಂಪನಿ, ಬಿಡದಿಯ ಕಾರ್ಖಾನೆ, ಮದ್ದೂರು ಕಡೆಯ ಗಾರ್ಮೆಂಟ್ಸ್, ಬೆಳ್ಳೂರು ಕ್ರಾಸ್ ಬಳಿಯ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆ, ಪಾಂಡವಪುರ ಮತ್ತು ಮಂಡ್ಯದ ಆಲೆಮನೆ ಹೀಗೆ ಕೆಲಸದ ಜಾಗಗಳು ಹಲವು, ಕರಾರಿನ ಬಗೆಗಳೂ ಹಲವು. ಆದ್ದರಿಂದ ಕೆಲಸ ಬಿಟ್ಟಾಗ ತಗಲುವ ಹೊಣೆಯೂ ಎಲ್ಲರಿಗೂ ಒಂದೇ ಅಲ್ಲ.

ಈ ಲೇಖನದಲ್ಲಿ ಕರಾರು ಎಂದರೆ ನೇಮಕಾತಿ ಪತ್ರವೂ ಸೇರಿದಂತೆ ಕೆಲಸದ ಷರತ್ತುಗಳ ಒಪ್ಪಂದ. ಬಾಂಡ್ ಎಂದರೆ ಇಂತಿಷ್ಟು ಕಾಲ ಕೆಲಸ ಮಾಡುತ್ತೇನೆ, ಇಲ್ಲವಾದರೆ ಇಂತಿಷ್ಟು ಹಣ ಕಟ್ಟುತ್ತೇನೆ ಎಂದು ಬರೆದುಕೊಟ್ಟ ಪತ್ರ. ನೋಟಿಸ್ ಅವಧಿ ಎಂದರೆ ರಾಜೀನಾಮೆ ಕೊಟ್ಟ ದಿನದಿಂದ ಕೆಲಸದಿಂದ ಬಿಡುಗಡೆಯಾಗುವ ದಿನದವರೆಗಿನ ಕಾಲ.

ಹಿನ್ನೆಲೆ

ಕೆಲಸ ಬಿಡುವುದು ಒಂದು ಕಾಲದಲ್ಲಿ ಜೈಲಿಗೆ ಹೋಗುವ ತಪ್ಪಾಗಿತ್ತು. 1859ರ ಕೆಲಸಗಾರರ ಕರಾರು ಉಲ್ಲಂಘನೆ ಕಾಯ್ದೆಯ ಪ್ರಕಾರ ಮುಂಗಡ ಪಡೆದ ಆಳು ಕೆಲಸ ಬಿಟ್ಟರೆ ಮಾಲೀಕನು ಮ್ಯಾಜಿಸ್ಟ್ರೇಟರ ಬಳಿ ದೂರು ಕೊಡಬಹುದಿತ್ತು. ಮುಂಗಡ ಹಿಂತಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂದು ಆದೇಶವಾಗುತ್ತಿತ್ತು. ಅದನ್ನು ಪಾಲಿಸದವನಿಗೆ 3 ತಿಂಗಳವರೆಗೆ ಸೆರೆವಾಸ. ಮೊದಲಿಗೆ ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗಾಗಿ ಬಂದ ಈ ಕಾಯ್ದೆ ಕಾಲಕ್ರಮದಲ್ಲಿ ಪ್ಲಾಂಟೇಷನ್ ಮಾಲೀಕರ ಕೈಯ ಆಯುಧವಾಯಿತು. ಕೊಡಗಿನ ಕಾಫಿ ತೋಟಗಳಿಗೆ ಮೇಸ್ತ್ರಿಗಳ ಮೂಲಕ ಮುಂಗಡ ಪಡೆದು ಹೋಗುತ್ತಿದ್ದ ಮೈಸೂರು ಸಂಸ್ಥಾನದ ಬಯಲುಸೀಮೆಯ ಕೂಲಿಗಳು ಇದರ ಬಿಸಿ ಅನುಭವಿಸಿದವರಲ್ಲಿ ಸೇರಿದ್ದರು. 1925ರಲ್ಲಿ ಇದನ್ನು ರದ್ದುಮಾಡುವ ಕಾನೂನು ಬಂತು. ಆದರೂ ಕೊಡಗಿನಲ್ಲಿ 1926ರ ಪ್ರತ್ಯೇಕ ಕಾರ್ಮಿಕ ಕಾಯ್ದೆಯ ಮೂಲಕ ಇಂಥ ಶಿಕ್ಷೆ 1931ರವರೆಗೂ ಉಳಿದುಕೊಂಡಿತು.

ಭಾರತೀಯ ದಂಡ ಸಂಹಿತೆಯ 490 ಮತ್ತು 492ನೇ ಕಲಮುಗಳೂ ಸೇವಾ ಕರಾರಿನ ಉಲ್ಲಂಘನೆಯನ್ನು ಅಪರಾಧವೆನ್ನುತ್ತಿದ್ದವು. 1925ರ ಕಾನೂನೇ ಅವನ್ನೂ ತೆಗೆದುಹಾಕಿತು. ಉಳಿದದ್ದು 491ನೇ ಕಲಮು ಒಂದೇ. ಎಳೆವಯಸ್ಸು, ಕಾಯಿಲೆ ಅಥವಾ ಬುದ್ಧಿಭ್ರಮಣೆಯಿಂದ ಅಸಹಾಯಕನಾದ ವ್ಯಕ್ತಿಯನ್ನು ನೋಡಿಕೊಳ್ಳಲು ಕಾನೂನುಬದ್ಧ ಕರಾರಿಗೆ ಒಳಪಟ್ಟವನು ಬೇಕೆಂದೇ ಆ ಕೆಲಸ ಕೈಬಿಟ್ಟರೆ ಶಿಕ್ಷೆಯಾಗುತ್ತದೆ ಎಂಬುದು ಅದರ ಸಾರ. ಇದು ಈಗ 2023ರ ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಮಾಗಿದೆ. ಶಿಕ್ಷೆ 3 ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆಯಲ್ಲಿ ರೋಗಿಯ ಆರೈಕೆಗೆ ನಿಂತವರು ಇದನ್ನು ತಿಳಿದಿರಬೇಕು.

ಮುಂಗಡಕ್ಕೆ ಆಳನ್ನು ಕಟ್ಟಿಹಾಕುವ ಪದ್ಧತಿ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಜೀತದ ರೂಪದಲ್ಲಿ ಸ್ವಾತಂತ್ರ್ಯಾನಂತರವೂ ನಡೆಯಿತು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 1975ರ ಸುಗ್ರೀವಾಜ್ಞೆ, ಅದರ ಬೆನ್ನಿಗೆ ಬಂದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನೇ ಇಲ್ಲವಾಗಿಸಿದವು. 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟದ ಕಾಮಗಾರಿ) ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಹೊಟ್ಟೆಪಾಡಿನ ಒತ್ತಡದಿಂದ ಕನಿಷ್ಠ ಕೂಲಿಗೂ ಕಡಿಮೆಗೆ ದುಡಿಯುವುದು ಸಹ ಬಲವಂತದ ದುಡಿಮೆಯೇ ಎಂದಿತು.

ಕಾನೂನಿನ ಚೌಕಟ್ಟು

ಈ ವಿಷಯದ ತಳಪಾಯ 1872ರ ಭಾರತೀಯ ಕರಾರು ಕಾಯ್ದೆ. ಅದರ 27ನೇ ಕಲಮಿನ ಪ್ರಕಾರ, ಕಸುಬು ಅಥವಾ ವ್ಯಾಪಾರ ಮಾಡದಂತೆ ಒಬ್ಬನನ್ನು ತಡೆಯುವ ಕರಾರು ಆ ಮಟ್ಟಿಗೆ ಶೂನ್ಯ. 73ನೇ ಕಲಮು ಉಲ್ಲಂಘನೆಯಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ಕೊಡಿಸುತ್ತದೆ. 74ನೇ ಕಲಮು ಬಾಂಡಿನಲ್ಲಿ ಮೊದಲೇ ಬರೆದಿಟ್ಟ ಮೊತ್ತದ ಬಗೆಗಿನದು. ಬರೆದಿರುವ ಮೊತ್ತ ಗರಿಷ್ಠ ಮಿತಿ ಮಾತ್ರ. ಅದನ್ನು ಮೀರದಂತೆ ಸಮಂಜಸವೆನಿಸುವ ಪರಿಹಾರವನ್ನು ನ್ಯಾಯಾಲಯ ಗೊತ್ತುಮಾಡುತ್ತದೆ. ಬಾಂಡಿನಲ್ಲಿ 5 ಲಕ್ಷವೆಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಮಾಲೀಕನಿಗೆ 5 ಲಕ್ಷ ಸಿಗುವುದಿಲ್ಲ.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಮು ವ್ಯಕ್ತಿಯ ಸ್ವಂತ ಅರ್ಹತೆಯನ್ನು ಅವಲಂಬಿಸಿದ ಕರಾರನ್ನು ನ್ಯಾಯಾಲಯದ ಮೂಲಕ ಬಲವಂತವಾಗಿ ಜಾರಿಮಾಡಿಸಲು ಬಿಡುವುದಿಲ್ಲ. ನೌಕರನನ್ನು ಮರಳಿ ಕೆಲಸಕ್ಕೆ ಹಚ್ಚಲಾಗದು ಎಂಬ ನಿಯಮಕ್ಕೆ ಇದೇ ಆಧಾರ. ಆದರೆ 42ನೇ ಕಲಮಿನಲ್ಲಿ ಒಂದು ಬಾಗಿಲು ತೆರೆದಿದೆ. ಕರಾರಿನ ಅವಧಿಯಲ್ಲಿ ಬೇರೆಯವರ ಬಳಿ ಕೆಲಸ ಮಾಡುವುದಿಲ್ಲ ಎಂದು ನೌಕರನು ಒಪ್ಪಿದ್ದರೆ ಆ ಮಾತನ್ನು ಪಾಲಿಸುವಂತೆ ತಡೆಯಾಜ್ಞೆ ತರಬಹುದು. 1967ರ ಗೋಲಿಕರಿ ಪ್ರಕರಣ ಇದರ ಮಾದರಿ. ಮುಂಬಯಿ ಬಳಿಯ ಕಲ್ಯಾಣದ ಸೆಂಚುರಿ ಕಂಪನಿಯ ಟೈರ್ ನೂಲು ಘಟಕದಲ್ಲಿ 5 ವರ್ಷದ ಕರಾರಿಗೆ ಸೇರಿ ತರಬೇತಿ ಪಡೆದ ಮೇಲ್ವಿಚಾರಕ ಅವಧಿಗೆ ಮುನ್ನವೇ ಬಿಟ್ಟು ಕೋಟಾದ ಸ್ಪರ್ಧಿ ಕಂಪನಿಗೆ ಹೋದರು. ಕರಾರಿನ ಅವಧಿ ಮುಗಿಯುವವರೆಗೆ ಅಂಥ ಕೆಲಸ ಮಾಡದಂತೆ ಹಾಕಿದ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅವಧಿ ಮುಗಿದ ನಂತರದ ನಿರ್ಬಂಧಗಳ ವಿಷಯ ಬೇರೆ. 27ನೇ ಕಲಮಿನ ಎದುರು ಅವು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಕೂಡದು ಎಂಬ, ಐಟಿ ನೇಮಕಾತಿ ಪತ್ರಗಳಲ್ಲಿ ಕಾಣುವ ಷರತ್ತು ಈ ಎರಡನೆಯ ಬಗೆಯದು.

ಪರಿಹಾರವನ್ನು ಲೆಕ್ಕಹಾಕುವ ಬಗೆಯನ್ನು ದೆಹಲಿ ಹೈಕೋರ್ಟಿನ 2011ರ ಸಿಕ್ಪಾ ಇಂಡಿಯಾ ಪ್ರಕರಣ ಸ್ಪಷ್ಟವಾಗಿ ತೋರಿಸುತ್ತದೆ. 3 ವರ್ಷದ ಬಾಂಡ್, 2 ಲಕ್ಷ ರೂಪಾಯಿ ದಂಡ. ನೌಕರ 2 ವರ್ಷ ದುಡಿದು ಬಿಟ್ಟಿದ್ದರು. ಕಂಪನಿ ತೋರಿಸಿಕೊಟ್ಟ ತರಬೇತಿ ವೆಚ್ಚ 67,595 ರೂಪಾಯಿ. ಬಾಕಿಯಿದ್ದದ್ದು ಮೂರನೇ ಒಂದು ಭಾಗ ಅವಧಿ, ಆದ್ದರಿಂದ ಕೊಡಿಸಿದ್ದು ಸುಮಾರು 22,500 ರೂಪಾಯಿ. ಖಾಸಗಿ ಬಾಂಡುಗಳ ವಿಚಾರದಲ್ಲಿ ಮಾಲೀಕ ಖರ್ಚು ಮಾಡಿದ್ದೆಷ್ಟು ಮತ್ತು ನೌಕರ ದುಡಿದು ತೀರಿಸಿದ್ದೆಷ್ಟು ಎಂಬ ಎರಡು ಪ್ರಶ್ನೆಗಳೇ ಮುಖ್ಯ.

ವಿಜಯಾ ಬ್ಯಾಂಕ್ ಪ್ರಕರಣ

ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣಗಳಲ್ಲಿ ಇದು ಅತ್ಯಂತ ಮಹತ್ವದ್ದು. ಮಂಗಳೂರಿನಲ್ಲಿ 1931ರಲ್ಲಿ ಆರಂಭವಾಗಿ, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕ್ 2006ರಲ್ಲಿ ಅಧಿಕಾರಿಗಳ ನೇಮಕಕ್ಕೆ ಪ್ರಕಟಣೆ ಹೊರಡಿಸಿತ್ತು. ಆಯ್ಕೆಯಾದವರು ಕನಿಷ್ಠ 3 ವರ್ಷ ಕೆಲಸ ಮಾಡಬೇಕು, ಇಲ್ಲವಾದರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತು ಅದರಲ್ಲಿತ್ತು. 2007ರ ಸೆಪ್ಟೆಂಬರಿನಲ್ಲಿ ಸೇರಿದ ಹಿರಿಯ ಮ್ಯಾನೇಜರ್ ಒಬ್ಬರು 2009ರ ಜುಲೈಯಲ್ಲಿ ರಾಜೀನಾಮೆ ಕೊಟ್ಟು ಬೇರೊಂದು ಬ್ಯಾಂಕಿಗೆ ಹೋದರು. ಹಣವನ್ನು ಆಕ್ಷೇಪಣೆಯೊಂದಿಗೆ ಕಟ್ಟಿ, ಷರತ್ತನ್ನೇ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ನೌಕರರ ಪರ ನಿಂತವು.

2025ರ ಮೇ 14ರಂದು ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ಕೆಲಸದಲ್ಲಿರುವ ಅವಧಿಗೆ ಮಾತ್ರ ಅನ್ವಯಿಸುವ ಷರತ್ತು 27ನೇ ಕಲಮನ್ನು ಮುಟ್ಟುವುದಿಲ್ಲ, ರಾಜೀನಾಮೆಯ ಹಕ್ಕನ್ನು ಕಸಿಯುವುದೂ ಇಲ್ಲ ಎಂಬುದು ಮೊದಲ ಕಾರಣ. ಸಾರ್ವಜನಿಕ ಬ್ಯಾಂಕು ಖಾಸಗಿ ಕಂಪನಿಯಂತೆ ಒಬ್ಬರು ಬಿಟ್ಟ ಮರುದಿನವೇ ಮತ್ತೊಬ್ಬರನ್ನು ಕೂರಿಸಲಾಗದು, ಪ್ರಕಟಣೆ ಮತ್ತು ಸ್ಪರ್ಧೆಯ ದುಬಾರಿ ದಾರಿಯಲ್ಲೇ ಹೋಗಬೇಕು ಎಂಬುದು ಎರಡನೆಯದು. ಅಂಥ ಹುದ್ದೆಯ ಸಂಬಳದ ಮುಂದೆ 2 ಲಕ್ಷ ವಿಪರೀತ ಮೊತ್ತವಲ್ಲ ಎಂದೂ ಪೀಠ ಹೇಳಿತು. ಈ ತೀರ್ಪಿನ ನಂತರ ಎಲ್ಲ ಬಾಂಡುಗಳೂ ಸಿಂಧು ಎಂಬ ಮಾತು ಹರಡಿದೆ. ಅದು ಸರಿಯಲ್ಲ. ತೀರ್ಪು ನಿಂತಿರುವುದು ಸಾರ್ವಜನಿಕ ಸಂಸ್ಥೆಯ ನೇಮಕಾತಿಯ ವಿಶೇಷ ಹೊರೆಯ ಮೇಲೆ, ಹಿರಿಯ ಹುದ್ದೆಯ ಸಂಬಳದ ಮೇಲೆ. ತಿಂಗಳಿಗೆ 18 ಸಾವಿರ ಪಡೆಯುವ ಹೊಸಬನಿಗೆ ಖಾಸಗಿ ಕಂಪನಿ ಹಾಕಿದ 2 ಲಕ್ಷದ ಬಾಂಡನ್ನು ಅದೇ ಅಳತೆಯಲ್ಲಿ ತೂಗಲಾಗದು.

ಕರಾರಿನ ಷರತ್ತುಗಳು ಮತ್ತು ಅಪಾಯಗಳು

ಕರಾರಿನಲ್ಲೇ ನೋಟಿಸ್ ಕೊಟ್ಟು ಬಿಡುವ ಅವಕಾಶವಿದ್ದರೆ, ಅದರಂತೆ ಬಿಟ್ಟವನು ನಿಗದಿತ ಅವಧಿಗೆ ಮುನ್ನ ಬಿಟ್ಟರೂ ಕರಾರು ಮುರಿದಂತಲ್ಲ. ನೋಟಿಸ್ ಅವಧಿ ಪೂರೈಸದಿದ್ದರೆ ಅಷ್ಟು ದಿನದ ಸಂಬಳ ಕಟ್ಟಿಕೊಡಬೇಕೆಂಬ ಷರತ್ತು ಸಾಮಾನ್ಯ. ಈ ಹಣದ ಮೇಲೂ ಬಾಂಡ್ ಹಣದ ಮೇಲೂ ಜಿಎಸ್‌ಟಿ ಇಲ್ಲವೆಂದು 2022ರ ಆಗಸ್ಟಿನ ಕೇಂದ್ರದ ಸುತ್ತೋಲೆ ಸ್ಪಷ್ಟಪಡಿಸಿದೆ. ಹೇಳದೆ ಕೇಳದೆ ಬಿಟ್ಟುಹೋದರೆ ಅದನ್ನು ರಾಜೀನಾಮೆಯೆಂದು ಎಣಿಸದೆ ಗೈರುಹಾಜರಿ ಎಂದು ಬಗೆದು ಶಿಸ್ತುಕ್ರಮ ಹೂಡಬಹುದು. ಬಿಡುಗಡೆ ಪತ್ರ ಸಿಗದು, ಮುಂದಿನ ಕಂಪನಿಯ ಹಿನ್ನೆಲೆ ತಪಾಸಣೆಯಲ್ಲಿ ತೊಡಕಾಗುತ್ತದೆ. ಕಾನೂನಿನ ಪುಸ್ತಕದಲ್ಲಿಲ್ಲದಿದ್ದರೂ ದಿನಬಳಕೆಯಲ್ಲಿ ಹೆಚ್ಚು ನೋಯಿಸುವ ಅಪಾಯ ಇದೇ.

ಸಿವಿಲ್ ವ್ಯಾಜ್ಯವೊಂದು ಕ್ರಿಮಿನಲ್ ಪ್ರಕರಣವಾಗಿ ಮಾರ್ಪಡುವುದು ಬಹುತೇಕ ಚೆಕ್ಕಿನಿಂದ. ಕೆಲಸಕ್ಕೆ ಸೇರುವಾಗ ಭದ್ರತೆಗೆಂದು ಸಹಿ ಮಾಡಿದ ಖಾಲಿ ಚೆಕ್ಕನ್ನು ಪಡೆಯುವ ಸಂಸ್ಥೆಗಳಿವೆ. ನೌಕರ ಬಿಟ್ಟಾಗ ಮೊತ್ತ ತುಂಬಿ ಬ್ಯಾಂಕಿಗೆ ಹಾಕುತ್ತಾರೆ. ಚೆಕ್ ಬೌನ್ಸ್ ಆದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು ಎದುರಾಗುತ್ತದೆ. 2 ವರ್ಷದವರೆಗೆ ಸೆರೆವಾಸ, ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಬೌನ್ಸ್ ಆದ ಮಾಹಿತಿ ಬಂದ 30 ದಿನಗಳೊಳಗೆ ಮಾಲೀಕನು ನೋಟಿಸ್ ಕೊಡಬೇಕು, ಅದು ಕೈಸೇರಿದ 15 ದಿನಗಳೊಳಗೆ ನೌಕರನು ಹಣ ಕಟ್ಟಬೇಕು. ಆ ಮೊತ್ತ ಕಾನೂನುಬದ್ಧವಾಗಿ ಸಲ್ಲಬೇಕಾದ ಸಾಲವೇ ಆಗಿರಲಿಲ್ಲ ಎಂದು ವಾದಿಸಬಹುದು, ಆದರೆ ಅದನ್ನು ತೋರಿಸಿಕೊಡುವ ಭಾರ ಮೊದಲಿಗೆ ಸಹಿ ಹಾಕಿದವನ ಮೇಲೆ ಬೀಳುತ್ತದೆ. ವಕೀಲರ ನೋಟಿಸನ್ನು ತೆಗೆದುಕೊಳ್ಳದೆ ವಾಪಸು ಕಳಿಸಿದರೆ ತಪ್ಪಿಸಿಕೊಂಡಂತಾಗುವುದಿಲ್ಲ.

ಜಾಮೀನಿನ ಸಹಿ ಇದರಷ್ಟೇ ಗಂಭೀರ. ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಮೂಲ ಹೊಣೆಗಾರನ ಹೊಣೆಗೆ ಸಮ. ಮಗನ ಬಾಂಡಿಗೆ ಸಹಿ ಹಾಕಿದ ಅಪ್ಪನ ಮೇಲೂ ದಾವೆ ಹೂಡಬಹುದು. ಮೂಲ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವ ಹಕ್ಕನ್ನು ಮಾತ್ರ ಯಾವ ಕಾರ್ಮಿಕ ಕಾನೂನೂ ಮಾಲೀಕನಿಗೆ ಕೊಟ್ಟಿಲ್ಲ.

ಬಾಂಡಿಗೆ ತಕ್ಕ ಮುದ್ರಾಂಕ ಶುಲ್ಕ ಕಟ್ಟಿಲ್ಲದಿದ್ದರೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಶುಲ್ಕ ಮತ್ತು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಕಂಪನಿಯ ದತ್ತಾಂಶ, ಗ್ರಾಹಕರ ಪಟ್ಟಿ, ಲ್ಯಾಪ್‌ಟಾಪ್ ಒಯ್ದರೆ ಅದು ರಾಜೀನಾಮೆಯ ವಿಷಯವಾಗಿ ಉಳಿಯದೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಮತ್ತು ನಂಬಿಕೆದ್ರೋಹದ ಕಲಮುಗಳ ವ್ಯಾಪ್ತಿಗೆ ಹೋಗುತ್ತದೆ. ಕರಾರಿನ ಕೊನೆಯಲ್ಲಿ ಚಿಕ್ಕದಾಗಿ ಅಚ್ಚಾಗಿರುವ ನ್ಯಾಯವ್ಯಾಪ್ತಿಯ ಷರತ್ತನ್ನು ಓದುವವರು ಕಡಿಮೆ. ವ್ಯಾಜ್ಯಗಳು ಮುಂಬಯಿ ನ್ಯಾಯಾಲಯದಲ್ಲೇ ನಡೆಯಬೇಕೆಂಬ ಇಂಥ ಷರತ್ತನ್ನು ಎಚ್‌ಡಿಎಫ್‌ಸಿ ಬ್ಯಾಂಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಿದೆ. ನಾಗಮಂಗಲದ ನೌಕರನಿಗೆ ಇದು ಹಣ ಮತ್ತು ಅಲೆದಾಟದ ದೊಡ್ಡ ಪ್ರಶ್ನೆ. ಕರಾರು ಮುರಿದದ್ದಕ್ಕೆ ದಾವೆ ಹೂಡಲು ಇರುವ ಕಾಲಮಿತಿ 3 ವರ್ಷ.

ನೌಕರಿಯ ಬಗೆಗಳು

ಸರ್ಕಾರಿ ನೌಕರನ ರಾಜೀನಾಮೆ ಸಾಮಾನ್ಯವಾಗಿ ಅಂಗೀಕಾರವಾದ ಮೇಲೆಯೇ ಜಾರಿಗೆ ಬರುತ್ತದೆ. ಪತ್ರ ಕೊಟ್ಟು ಮರುದಿನದಿಂದ ಬಾರದಿದ್ದರೆ ಇಲಾಖಾ ವಿಚಾರಣೆ ನಡೆಯಬಹುದು. ರಾಜೀನಾಮೆಯಿಂದ ಹಿಂದಿನ ಸೇವೆಯ ಲಾಭ ಕೈತಪ್ಪುತ್ತದೆ. ಇನ್ನೊಂದು ಸರ್ಕಾರಿ ಹುದ್ದೆಗೆ ಅನುಮತಿ ಪಡೆದು ಅರ್ಜಿ ಹಾಕಿ ಹೋಗುವವರ ತಾಂತ್ರಿಕ ರಾಜೀನಾಮೆಗೆ ಈ ನಷ್ಟವಿಲ್ಲ. ಜಾರಿಗೆ ಬರುವ ಮುನ್ನ ರಾಜೀನಾಮೆಯನ್ನು ಹಿಂಪಡೆಯಲು ಸಾಮಾನ್ಯವಾಗಿ ಅವಕಾಶವಿದೆ.

ವೈದ್ಯರ ಸ್ಥಿತಿ ಬೇರೆ. ವೈದ್ಯಕೀಯ ಶಿಕ್ಷಣ ಮುಗಿಸಿದವರ ಕಡ್ಡಾಯ ಸೇವೆಗೆ ಕರ್ನಾಟಕದಲ್ಲಿ 2012ರ ಪ್ರತ್ಯೇಕ ಕಾಯ್ದೆಯಿದೆ. ಹೋಬಳಿ ಮಟ್ಟದ ಆರೋಗ್ಯ ಕೇಂದ್ರಗಳಿಗೆ ಹೊಸ ವೈದ್ಯರು ಬರುವ ದಾರಿಗಳಲ್ಲಿ ಇದೂ ಒಂದು. ಅತಿವಿಶೇಷ ವೈದ್ಯ ವ್ಯಾಸಂಗದ ಬಾಂಡುಗಳನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿದೆ. ಸರ್ಕಾರದ ಹಣದಲ್ಲಿ ಓದಿದವರಿಂದ ಬಡ ರೋಗಿಗಳಿಗೆ ಸೇವೆ ಕೇಳುವುದು ಅನ್ಯಾಯವಲ್ಲ ಎಂಬುದು ಅದರ ನಿಲುವು. ವಿಮಾನ ಚಾಲಕರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ 2017ರ ನಿಯಮ ಕಮಾಂಡರಿಗೆ ಒಂದು ವರ್ಷ, ಸಹಚಾಲಕರಿಗೆ 6 ತಿಂಗಳ ನೋಟಿಸ್ ವಿಧಿಸಿತು.

ಐಟಿಐ ಮುಗಿಸಿ ಕಾರ್ಖಾನೆಗೆ ಹೋಗುವ ಯುವಕರಿಗೆ ಸಂಬಂಧಿಸಿದ್ದು 1961ರ ಅಪ್ರೆಂಟಿಸ್ ಕಾಯ್ದೆ. ಇಲ್ಲಿ ಕರಾರನ್ನು ಮಧ್ಯದಲ್ಲಿ ಕೊನೆಗೊಳಿಸಲು 7ನೇ ಕಲಮಿನಂತೆ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಅರ್ಜಿ ಕೊಡಬೇಕು. ತಪ್ಪು ಅಪ್ರೆಂಟಿಸನದಾದರೆ ತರಬೇತಿ ವೆಚ್ಚ ಅವನಿಂದ ಅಥವಾ ಪೋಷಕರಿಂದ ವಸೂಲಾಗಬಹುದು, ಮಾಲೀಕನದಾದರೆ ಮಾಲೀಕನೇ ಪರಿಹಾರ ಕೊಡಬೇಕು. ಗಾರ್ಮೆಂಟ್ಸ್ ಮತ್ತು ಇತರ ಕಾರ್ಖಾನೆಗಳಲ್ಲಿ 10 ಅಥವಾ ಹೆಚ್ಚು ಮಂದಿ ಮಾತಾಡಿಕೊಂಡು, ಕರಾರಿನಂತೆ ಕೊಡಬೇಕಾದ ನೋಟಿಸ್ ಕೊಡದೆ ಒಟ್ಟಿಗೆ ಗೈರಾದರೆ ಗರಿಷ್ಠ 8 ದಿನದ ವೇತನ ಕಡಿತಕ್ಕೆ ವೇತನ ಕಾನೂನಿನಲ್ಲಿ ಅವಕಾಶವಿದೆ.

ಕಬ್ಬು ಕಡಿಯುವ ತಂಡಗಳು, ಆಲೆಮನೆ ಮತ್ತು ಇಟ್ಟಿಗೆ ಗೂಡಿನ ಕೆಲಸಗಾರರು ಮುಂಗಡ ಪಡೆದು ಬರುವವರು. ಬರೆದ ಕರಾರು ಇಲ್ಲಿ ಅಪರೂಪ. ಮೇಸ್ತ್ರಿಯ ಮಾತೇ ಕರಾರು. ಮುಂಗಡವು ಸಾಲವಾದರೆ ಅದನ್ನು ಸಿವಿಲ್ ದಾವೆಯಿಂದ ವಸೂಲು ಮಾಡಬಹುದು. ಆದರೆ ಆ ಸಾಲದ ಹೆಸರಲ್ಲಿ ಆಳನ್ನು ಬೇರೆಡೆ ಹೋಗಲು ಬಿಡದಿದ್ದರೆ ಅದು 1976ರ ಕಾಯ್ದೆಯಡಿ ಜೀತ. ಮಾಲೀಕನಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 2,000 ರೂಪಾಯಿವರೆಗೆ ದಂಡ. ಅದು ಜೀತದ ಸಾಲವಲ್ಲ ಎಂದು ರುಜುವಾತುಪಡಿಸುವ ಹೊರೆ 15ನೇ ಕಲಮಿನಂತೆ ಸಾಲ ಕೊಟ್ಟವನದೇ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ತಾಲ್ಲೂಕುಗಳು ಪಾಂಡವಪುರ ಉಪವಿಭಾಗಕ್ಕೆ ಸೇರಿದ್ದು, ಈ ದೂರುಗಳನ್ನು ಅಲ್ಲಿನ ಉಪವಿಭಾಗಾಧಿಕಾರಿಗೆ ಸಲ್ಲಿಸಬಹುದು.

ವಿದೇಶದಲ್ಲಿರುವ ಕನ್ನಡಿಗರಿಗೆ ಆಯಾ ದೇಶದ ಕಾನೂನೇ ಅನ್ವಯ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಕಾನೂನು ನೋಟಿಸ್ ಅವಧಿಯನ್ನು 30ರಿಂದ 90 ದಿನವೆಂದು ಗೊತ್ತುಮಾಡಿದೆ. ಅಲ್ಲಿ ಹೇಳದೆ ಕೆಲಸ ಬಿಟ್ಟವರಿಗೆ ಒಂದು ವರ್ಷ ಹೊಸ ಕೆಲಸದ ಪರವಾನಗಿ ಸಿಗದೆ ಹೋಗಬಹುದು. ಅಮೆರಿಕದ ಎಚ್-1ಬಿ ನಿಯಮಗಳು ಅವಧಿಗೆ ಮುನ್ನ ಬಿಟ್ಟ ನೌಕರನಿಂದ ದಂಡ ವಸೂಲಿಯನ್ನು ನಿಷೇಧಿಸಿ, ನಿಜವಾದ ನಷ್ಟದ ಅಂದಾಜು ಪರಿಹಾರಕ್ಕೆ ಮಾತ್ರ ಎಡೆ ಕೊಟ್ಟಿವೆ.

ಬಿಟ್ಟ ಮೇಲೂ ಉಳಿಯುವ ಹಕ್ಕುಗಳು

ಅವಧಿಗೆ ಮುನ್ನ ಬಿಟ್ಟವನ ಭವಿಷ್ಯನಿಧಿಯನ್ನು ಮಾಲೀಕ ತಡೆಹಿಡಿಯುವಂತಿಲ್ಲ, ಬಾಂಡಿನ ಹಣಕ್ಕೆ ಹೊಂದಿಸಿಕೊಳ್ಳುವಂತೆಯೂ ಇಲ್ಲ. ಕೆಲಸ ಬಿಟ್ಟ ಹೆಣ್ಣುಮಕ್ಕಳಿಗೆ ಈ ಹಣ ಎಷ್ಟು ಮುಖ್ಯವೆಂಬುದು 2016ರ ಏಪ್ರಿಲ್‌ನಲ್ಲಿ ನಾಡಿಗೇ ಗೊತ್ತಾಯಿತು. ಮಾಲೀಕರ ಪಾಲಿನ ಭವಿಷ್ಯನಿಧಿಯನ್ನು 58 ವರ್ಷದವರೆಗೆ ಹಿಂಪಡೆಯಲಾಗದೆಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಎರಡೇ ದಿನದಲ್ಲಿ, ಏಪ್ರಿಲ್ 19ರಂದು, ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು.

ಗ್ರಾಚ್ಯುಟಿಗೆ ಅರ್ಹನಾದವನು ರಾಜೀನಾಮೆ ಕೊಟ್ಟನೆಂಬ ಕಾರಣಕ್ಕೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳಲಾಗದು. ಮುಟ್ಟುಗೋಲಿಗೆ ಅವಕಾಶವಿರುವುದು ದುರ್ನಡತೆಗಾಗಿ ವಜಾ ಆದಾಗ, ಅದೂ ಗೊತ್ತಾದ ಕಾರಣಗಳಿಗೆ ಮಾತ್ರ.

ಇಂದಿನ ಸ್ಥಿತಿ

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ 17ನೇ ಕಲಮಿನ ಪ್ರಕಾರ ರಾಜೀನಾಮೆ ಕೊಟ್ಟವನ ಬಾಕಿ ವೇತನವನ್ನು 2 ಕೆಲಸದ ದಿನಗಳೊಳಗೆ ಪಾವತಿಸಬೇಕು. 1936ರ ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಈ ಗಡುವು ಮಾಲೀಕನೇ ತೆಗೆದುಹಾಕಿದ ಸಂದರ್ಭಕ್ಕೆ ಮಾತ್ರ ಇತ್ತು. ಒಟ್ಟು ಕಡಿತ ವೇತನದ ಅರ್ಧವನ್ನು ಮೀರಬಾರದು. ನಿಶ್ಚಿತ ಅವಧಿಯ ನೌಕರರಿಗೆ 5 ವರ್ಷದ ಬದಲು ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂದಿದೆ. ಇದರ ಇನ್ನೊಂದು ಮುಖವೆಂದರೆ, ವರ್ಷ ತುಂಬುವ ಮೊದಲೇ ಬಿಟ್ಟವನು ಆ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಕೆಲಸದ ಷರತ್ತುಗಳನ್ನು ಗೊತ್ತುಮಾಡುವ ಸ್ಥಾಯಿ ಆದೇಶಗಳು ಈಗ 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವುದರಿಂದ ಸಣ್ಣ ಕಾರ್ಖಾನೆಗಳಲ್ಲಿ ನೋಟಿಸಿನ ವಿಷಯ ಬಹುತೇಕ ಕರಾರಿಗೇ ಬಿಟ್ಟಂತಾಗಿದೆ.

ಬಾಂಡಿನ ನೋಟಿಸ್ ಬಂದವರು ಉತ್ತರಿಸದೆ ಸುಮ್ಮನಿರಬಾರದು. ದಾವೆಯಲ್ಲಿ ಹಾಜರಾಗದಿದ್ದರೆ ಅವರ ವಾದ ಕೇಳದೆಯೇ ಡಿಕ್ರಿಯಾಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಹಾಗೂ ಆದಾಯ ಮಿತಿಯೊಳಗಿನವರು ಉಚಿತ ವಕೀಲರ ನೆರವಿಗೆ ಅರ್ಹರು. ಬಿಂಡಿಗನವಿಲೆ ಹೋಬಳಿಯವರು ಇದಕ್ಕಾಗಿ ನಾಗಮಂಗಲದ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು, ಅಥವಾ 15100 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು.